ವಿದ್ಯುತ್ ಇಲ್ಲದೆ ತಂಪು: ಮಡಕೆಯಲ್ಲಿ ಏನಿಡಬಹುದು, ಏನಿಡಬಾರದು?

ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಎಲ್ಲರಿಗೂ ಗೊತ್ತು. ಅದೇ ತತ್ವದಿಂದ ತರಕಾರಿಯನ್ನೂ ಕೋಣೆಯನ್ನೂ ಕರೆಂಟ್ ಇಲ್ಲದೆ ತಂಪಾಗಿಡಬಹುದು. ಆದರೆ ಮಡಕೆ ಫ್ರಿಜ್ ಅಲ್ಲ. ಇದನ್ನು ಮರೆತರೆ ಆರೋಗ್ಯ ಕೆಡುತ್ತದೆ.

ತಂಪು ಹೇಗೆ ಬರುತ್ತದೆ?
ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಮಡಕೆಯ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಹಾಗಾಗಿ ದೆಹಲಿ, ಹೈದರಾಬಾದ್, ಪುಣೆಯ ಒಣ ಬಿಸಿಲಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಂಬೈ, ಚೆನ್ನೈಗಳ ಸೆಕೆಯಲ್ಲಿ ಮತ್ತು ಮಳೆಗಾಲದಲ್ಲಿ ಪ್ರಯೋಜನ ಕಡಿಮೆ.

ಎರಡು ಮಡಕೆಗಳ ವಿಧಾನ
ದೊಡ್ಡ ಮಡಕೆಯೊಳಗೆ ಚಿಕ್ಕದೊಂದನ್ನು ಇಟ್ಟು, ನಡುವಿನ ಜಾಗಕ್ಕೆ ಮರಳು ತುಂಬಿ. ಮರಳನ್ನು ದಿನಕ್ಕೆರಡು ಬಾರಿ ನೀರಿನಿಂದ ನೆನೆಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ. ನೆರಳಿದ್ದು ಗಾಳಿಯಾಡುವ ಕಡೆ ಇಡಿ. ಹೊರಗಿನ ಮಡಕೆಗೆ ಬಣ್ಣ ಬಳಿದಿರಬಾರದು. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ 1990ರ ದಶಕದಲ್ಲಿ ಇದನ್ನು ಅಲ್ಲಿನ ಹಳ್ಳಿಗಳಲ್ಲಿ ಹರಡಿದರು.

ಏನಿಡಬಹುದು?
ಟೊಮೆಟೊ, ಬದನೆ, ಕ್ಯಾರೆಟ್, ಸೊಪ್ಪು ಇಡಬಹುದು. ಹಾಲು, ಮೀನು, ಮಾಂಸ, ಉಳಿದ ಅನ್ನ, ಸಾರು ಬೇಡ. ರೋಗಾಣುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಗ ಬೆಳೆಯುತ್ತವೆ. ನಮ್ಮ ಬೇಸಿಗೆಯಲ್ಲಿ ಮಡಕೆ 5 ಡಿಗ್ರಿಗೆ ಇಳಿಯುವುದಿಲ್ಲ. ಫ್ರಿಜ್ ಇಲ್ಲದಿದ್ದರೆ ಒಂದು ಹೊತ್ತಿಗೆ ಬೇಕಾದಷ್ಟೇ ಅಡುಗೆ ಮಾಡಿ, ಎರಡು ಗಂಟೆಯೊಳಗೆ ಉಂಡು ಮುಗಿಸಿ. ಮತ್ತೆ ಬಿಸಿ ಮಾಡಿದರೆ ಸಾಕೆಂದುಕೊಳ್ಳಬೇಡಿ: ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಕುದಿಸಿದರೂ ಹೋಗುವುದಿಲ್ಲ.

ಇನ್ಸುಲಿನ್ ಇದ್ದರೆ?
ಬಳಸಲು ಆರಂಭಿಸಿದ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇರುತ್ತದೆ. ನಿಮ್ಮ ಔಷಧಿಯ ಚೀಟಿಯಲ್ಲಿರುವ ಅವಧಿಯನ್ನೇ ಪಾಲಿಸಿ. ಒಣ ಹವೆಯಲ್ಲಿ ಮಡಕೆ ಇದಕ್ಕೆ ನೆರವಾಗುತ್ತದೆ. ನೀರು ತಾಗದ ಡಬ್ಬಿಯಲ್ಲಿಟ್ಟು, ಜೊತೆಗೊಂದು ಥರ್ಮಾಮೀಟರ್ ಇಡಿ. ತೆರೆಯದ ಬಾಟಲಿಗಳಿಗೆ ಮಾತ್ರ 2ರಿಂದ 8 ಡಿಗ್ರಿ ಬೇಕು. ಅವನ್ನು ಫ್ರಿಜ್ ಇರುವ ಔಷಧಿ ಅಂಗಡಿಯಿಂದ ಆಗಾಗ ಒಂದೊಂದೇ ತನ್ನಿ.

ಕೋಣೆಗೆ ತಂಪು
• ಹೊರಗೆ ಒಳಗಿಗಿಂತ ಬಿಸಿಯಿದ್ದಾಗ ಕಿಟಕಿ, ಪರದೆ ಮುಚ್ಚಿ. ರಾತ್ರಿ ಎದುರುಬದುರು ಕಿಟಕಿಗಳನ್ನು ತೆರೆಯಿರಿ.
• ತಾರಸಿಗೆ ಬಿಳಿ ಸುಣ್ಣ ಬಳಿಯಿರಿ. ಬಿಸಿಲನ್ನು ಹಿಂದಕ್ಕೆ ಕಳಿಸುವ ಇಂಥ ಚಾವಣಿಗಳಿಗಾಗಿ ತೆಲಂಗಾಣ ಸರ್ಕಾರ 2023ರಲ್ಲಿ ನೀತಿಯನ್ನೇ ತಂದಿದೆ.
• ಒಣ ಹವೆಯಿರುವ ಊರಿನಲ್ಲಿ ಗಾಳಿ ಬರುವ ಕಿಟಕಿಗೆ ಒದ್ದೆ ಲಾವಂಚದ ಚಾಪೆ ಕಟ್ಟಿ. ತೇವದ ಊರಿನಲ್ಲಿ ಇದರಿಂದ ಸೆಕೆಯೇ ಹೆಚ್ಚುತ್ತದೆ.

ಕೋಣೆಯ ಉಷ್ಣಾಂಶ 40 ಡಿಗ್ರಿ ದಾಟಿದರೆ ಸೋಲಾರ್ ಫ್ಯಾನ್ ಕೂಡ ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಆಗ ವೃದ್ಧರು, ಮಕ್ಕಳು ಮೈಗೆ ನೀರು ಹಚ್ಚಿಕೊಂಡು ಇನ್ನೂ ತಂಪಾದ ಜಾಗಕ್ಕೆ ಹೋಗಬೇಕು. ಯಾರಾದರೂ ಮೈ ಸುಡುತ್ತ ತಡವರಿಸಿ ಮಾತಾಡಿದರೆ, ಇಲ್ಲವೇ ಪ್ರಜ್ಞೆ ತಪ್ಪಿದರೆ, ಕೂಡಲೇ 112ಕ್ಕೆ ಕರೆ ಮಾಡಿ. ಸಹಾಯ ಬರುವವರೆಗೆ ಮೈಗೆ ನೀರು ಸುರಿದು ಗಾಳಿ ಬೀಸುತ್ತಿರಿ.