ಲಡಾಖಿನ ಮಣ್ಣಿನ ಮನೆಗೆ ಸಿಮೆಂಟು ಬಂದಾಗ

ಬಳ್ಳಾರಿ, ಚಿತ್ರದುರ್ಗದ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಲಡಾಖಿನ ಹಳ್ಳಿಯ ಮನೆ ತೀರ ಅಪರಿಚಿತವೆನಿಸದು. ಅದೇ ದಪ್ಪ ಗೋಡೆ, ಅದೇ ಚಪ್ಪಟೆ ಮಾಳಿಗೆ. ತೊಲೆಯ ಮೇಲೆ ಕಡ್ಡಿ, ಕಡ್ಡಿಯ ಮೇಲೆ ಹುಲ್ಲು, ಅದರ ಮೇಲೆ ಹದ ಮಾಡಿದ ಮಣ್ಣು. ಮಳೆ ಕಡಿಮೆ ಇರುವ ಎರಡು ನಾಡುಗಳು ಒಂದನ್ನೊಂದು ಕೇಳದೆಯೇ ಒಂದೇ ಬಗೆಯ ಉತ್ತರ ಕಂಡುಕೊಂಡಿವೆ. ವ್ಯತ್ಯಾಸವಿರುವುದು ಉದ್ದೇಶದಲ್ಲಿ. ನಮ್ಮ ಬಯಲುಸೀಮೆಯ ಮಾಳಿಗೆ ಬಿಸಿಲನ್ನು ಹೊರಗಿಡಲು ಹುಟ್ಟಿದ್ದು. ಲಡಾಖಿನ ಮನೆ ಬಿಸಿಲನ್ನು ಒಳಗೆ ಕೂಡಿಡಲು ಹುಟ್ಟಿದ್ದು.

ಲಡಾಖನ್ನು ಶೀತಲ ಮರುಭೂಮಿ ಎನ್ನುತ್ತಾರೆ. ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಹಿಮಾಲಯದ ಗೋಡೆ ಮುಂಗಾರಿನ ಮೋಡಗಳನ್ನು ತಡೆದುಬಿಡುವುದರಿಂದ ಅಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ-ಹಿಮ ಸುಮಾರು 100 ಮಿಲಿಮೀಟರ್ ಮಾತ್ರ. ಬೆಂಗಳೂರಿನಲ್ಲಿ ಒಮ್ಮೊಮ್ಮೆ ಒಂದೇ ಸಂಜೆಗೆ ಅಷ್ಟು ಮಳೆ ಸುರಿದದ್ದುಂಟು. ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಲ್ಲಿ ಹೊಸತಲ್ಲ. ಆದರೆ ವರ್ಷದಲ್ಲಿ 300ರಷ್ಟು ದಿನ ಬಿಸಿಲಿರುತ್ತದೆ. ಕಾಡಿಲ್ಲ, ಸೌದೆಯಿಲ್ಲ, ಬಿಸಿಲಿದೆ, ಮಣ್ಣಿದೆ, ಕಲ್ಲಿದೆ. ಲಡಾಖಿನ ಮನೆ ಕಟ್ಟುವ ವಿದ್ಯೆಯೆಲ್ಲ ಈ ಲೆಕ್ಕದಿಂದಲೇ ಹೊರಟಿತು.

ಮಣ್ಣಿನ ಲೆಕ್ಕ

ಲಡಾಖಿನ ಸಾಂಪ್ರದಾಯಿಕ ಮನೆಗೆ ಸಾಮಾನ್ಯವಾಗಿ ಎರಡು ಅಂತಸ್ತು. ಕೆಳಗಿನದನ್ನು ಕಲ್ಲು ಮತ್ತು ಕೆಸರುಮಣ್ಣಿನಿಂದ ಕಟ್ಟುತ್ತಾರೆ. ಅಲ್ಲಿ ದನಕರು, ಮೇವು. ಅವುಗಳ ಮೈಕಾವೂ ಮೇಲಿನ ಮನೆಗೆ ಲಾಭವೇ. ಮೇಲಂತಸ್ತಿನ ಗೋಡೆ ಹಸಿ ಇಟ್ಟಿಗೆಯದು. ಮಣ್ಣು ಕಲಸಿ, ಮರದ ಅಚ್ಚಿಗೆ ತುಂಬಿ, ಬಿಸಿಲಲ್ಲಿ ಒಣಗಿಸಿದ ಈ ಇಟ್ಟಿಗೆಗೆ ಅಲ್ಲಿನವರು 'ಪಗ್ಬು' ಎನ್ನುತ್ತಾರೆ. ಅದನ್ನು ಸುಡಲು ಒಂದು ಕಡ್ಡಿ ಸೌದೆಯೂ ಬೇಡ. ಬೇಸಿಗೆಯ ಒಣಹವೆಯಲ್ಲಿ ಕೆಲವೇ ದಿನಗಳಲ್ಲಿ ಇಟ್ಟಿಗೆ ಸಿದ್ಧ.

ಮಾಳಿಗೆಗೆ ಪಾಪ್ಲರ್ ಮರದ ತೊಲೆಗಳು. ಅವುಗಳ ಮೇಲೆ ಒತ್ತೊತ್ತಾಗಿ ಜೋಡಿಸಿದ ವಿಲ್ಲೋ ಕಡ್ಡಿಗಳಿಗೆ 'ತಾಲು' ಎಂದು ಹೆಸರು. ಆ ಮೇಲೆ ಹುಲ್ಲಿನ ಹಾಸು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ 'ಮರ್ಕಲಕ್' ಎಂಬ ಜಿಗುಟಾದ ಜೇಡಿಮಣ್ಣು. ನೀರು ತಾಗಿದೊಡನೆ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವ ಮಣ್ಣು ಇದು. ನಮ್ಮ ಕಡೆ ಮಾಳಿಗೆಯ ಮೇಲೆ ಕರಲು ಮಣ್ಣು ಹೊದಿಸುತ್ತಿದ್ದ ಹಿರಿಯರಿಗೆ ಇದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ದೊಡ್ಡ ಕಿಟಕಿಗಳೆಲ್ಲ ದಕ್ಷಿಣಕ್ಕೆ; ಉತ್ತರದ ಗೋಡೆಗೆ ಕಿಟಕಿಯೇ ಇಲ್ಲ, ಇದ್ದರೂ ಕಿಂಡಿಯಷ್ಟು. ಹಗಲೆಲ್ಲ ಬಿಸಿಲು ಹೀರಿದ ದಪ್ಪ ಗೋಡೆ ರಾತ್ರಿ ಆ ಬಿಸಿಯನ್ನು ನಿಧಾನವಾಗಿ ಒಳಗೆ ಬಿಡುತ್ತದೆ.

ಇದು ಬಡವರ ಕಟ್ಟಡವಾಗಿತ್ತೆಂದು ತಿಳಿಯಬೇಕಾಗಿಲ್ಲ. 17ನೇ ಶತಮಾನದಲ್ಲಿ ರಾಜ ಸೆಂಗೆ ನಂಗ್ಯಾಲನ ಕಾಲದಲ್ಲಿ ಎದ್ದ ಲೇಹ್ ಅರಮನೆಗೆ ಒಂಬತ್ತು ಅಂತಸ್ತು. ಅದೂ ಕಲ್ಲು, ಹಸಿ ಇಟ್ಟಿಗೆ, ಮರ, ಮಣ್ಣುಗಳಿಂದಲೇ ಕಟ್ಟಿದ್ದು. 1834ರಲ್ಲಿ ಜೋರಾವರ್ ಸಿಂಗನ ಡೋಗ್ರಾ ಸೇನೆ ಲಡಾಖಿಗೆ ನುಗ್ಗಿದ ನಂತರ ರಾಜಮನೆತನ ಸ್ತೋಕ್ ಹಳ್ಳಿಗೆ ಹೋಗಿ ನೆಲೆಸಿತು. ಬಹುಕಾಲ ಪಾಳುಬಿದ್ದರೂ ಅರಮನೆಯ ಗೋಡೆಗಳು ನಿಂತೇ ಇದ್ದವು. ಬಾಸ್ಗೋದ ಮಣ್ಣಿನ ಮೈತ್ರೇಯ ದೇಗುಲಗಳ ಜೀರ್ಣೋದ್ಧಾರಕ್ಕೆ 2007ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ದೊರೆಯಿತು. ಅಲ್ಲಿ ಕೆಲಸಕ್ಕೆ ಕೈಹಾಕಿದವರು ಆ ಊರಿನವರೇ.

ಜೋಜಿ ಲಾ ದಾಟಿದ ಚೀಲ

ಸಿಮೆಂಟು ಲಡಾಖಿಗೆ ತಡವಾಗಿ ಬಂತು. ಜೋಜಿ ಲಾ ಕಣಿವೆ ದಾಟಿ ಬರುವ ಸರಕೆಲ್ಲ ಕುದುರೆ, ಯಾಕ್‌ಗಳ ಬೆನ್ನೇರಿ ಬರುತ್ತಿದ್ದ ಕಾಲದಲ್ಲಿ 50 ಕಿಲೋ ಸಿಮೆಂಟಿನ ಚೀಲಕ್ಕೆ ಅಲ್ಲಿ ಸ್ಥಾನವಿರಲಿಲ್ಲ. 1962ರ ಹೊತ್ತಿಗೆ ಶ್ರೀನಗರದಿಂದ ಲೇಹ್‌ಗೆ ಲಾರಿ ಓಡುವ ರಸ್ತೆಯಾಯಿತು. ಆ ವರ್ಷದ ಚೀನಾ ಯುದ್ಧದ ಬಳಿಕ ಸೇನೆಯ ಶಿಬಿರಗಳು, ಸರಕಾರಿ ಕಚೇರಿಗಳು ಎದ್ದವು. 1974ರಲ್ಲಿ ಲಡಾಖನ್ನು ಪ್ರವಾಸಿಗಳಿಗೆ ತೆರೆದ ಮೇಲೆ ಅತಿಥಿಗೃಹ, ಹೋಟೆಲುಗಳು ಬಂದವು. ಎಂಜಿನಿಯರ್ ಕಟ್ಟಿದ್ದೇ ಮೇಲು ಎಂಬ ನಂಬಿಕೆ ಪಟ್ಟಣದಿಂದ ಹಳ್ಳಿಗೂ ಹರಿಯಿತು.

ಸಿಮೆಂಟಿನ ಆಕರ್ಷಣೆಗೆ ಕಾರಣಗಳಿವೆ, ಅವನ್ನು ಅಲ್ಲಗಳೆಯುವಂತಿಲ್ಲ. ಮಣ್ಣಿನ ಮಾಳಿಗೆಯನ್ನು ಆಗಾಗ ಸರಿಪಡಿಸಬೇಕು. ಹಿಮ ಬಿದ್ದೊಡನೆ ಗುಡಿಸಿ ಕೆಳಗೆ ತಳ್ಳಬೇಕು. ಮಕ್ಕಳು ಓದಿಗೆ, ಕೆಲಸಕ್ಕೆಂದು ಊರು ಬಿಟ್ಟ ಮನೆಯಲ್ಲಿ ಈ ಕೆಲಸ ಮಾಡುವವರಾರು? ಹಿಂದೆ ಮನೆ ಕಟ್ಟಲು ನೆರೆಹೊರೆಯವರೇ ಕೈಜೋಡಿಸುತ್ತಿದ್ದರು. ಈಗ ಬೇಸಿಗೆಯಲ್ಲಿ ಬಿಹಾರ, ಜಾರ್ಖಂಡ್, ನೇಪಾಳಗಳಿಂದ ಬರುವ ಕೆಲಸಗಾರರೇ ಆಧಾರ. ಅವರಲ್ಲಿ ಅನೇಕರ ಕೈಗೆ ಪಳಗಿರುವುದು ಸಿಮೆಂಟಿನ ಕೆಲಸ, ಪಗ್ಬು ಅಲ್ಲ.

ನೀರು, ಚಳಿ, ಕಾಂಕ್ರೀಟು

ಆದರೆ ಬಯಲುನಾಡಿನಲ್ಲಿ ಪಳಗಿದ ಈ ಕೆಲಸ ಎತ್ತರದ ಮರುಭೂಮಿಯಲ್ಲಿ ಹಾಗೆಯೇ ನಡೆಯದು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನಿಜಕ್ಕೂ ಅದು ಗಟ್ಟಿಯಾಗುವುದು ಒಣಗುವುದರಿಂದಲ್ಲ, ಸಿಮೆಂಟು ನೀರಿನೊಡನೆ ಕೂಡಿ ನಡೆಸುವ ರಾಸಾಯನಿಕ ಕ್ರಿಯೆಯಿಂದ. ಆ ಕ್ರಿಯೆಗೆ ನೀರೂ ಬೇಕು, ಒಂದಿಷ್ಟು ಬಿಸಿಯೂ ಬೇಕು. ಲಡಾಖಿನಲ್ಲಿ ಎರಡಕ್ಕೂ ಬರ.

ಹಗಲಿನ ಕಡು ಬಿಸಿಲು ಮತ್ತು ಒಣಗಾಳಿ ಹಸಿ ಕಾಂಕ್ರೀಟಿನ ಮೈಯಿಂದ ನೀರನ್ನು ಹೀರಿಬಿಡುತ್ತವೆ. ಕೆಲವೇ ಗಂಟೆಗಳಲ್ಲಿ ಕೂದಲೆಳೆಯ ಬಿರುಕು ಕಾಣಿಸುತ್ತದೆ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಬಿಸಿಲು-ಒಣಹವೆಯಿದ್ದರೆ ಹತ್ತು ದಿನವಾದರೂ ನೀರು ಕುಡಿಸಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹಿಮ ಕರಗಿದ ನೀರನ್ನು ಸರದಿಯ ಮೇಲೆ ಹೊಲಕ್ಕೆ ಹಾಯಿಸುವ ಊರಿನಲ್ಲಿ ಅಷ್ಟು ನೀರನ್ನು ಗೋಡೆಗೆ ಸುರಿಯುವುದು ಸುಲಭವಲ್ಲ.

ಸಂಜೆಯಾದರೆ ಬೇರೆಯದೇ ಅಪಾಯ. ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಶೀತಹವೆಯ ಕಾಂಕ್ರೀಟು ಕೆಲಸವೆಂದೇ ಪರಿಗಣಿಸಬೇಕು. ಇದಕ್ಕೆಂದೇ 1981ರಲ್ಲಿ ಪ್ರತ್ಯೇಕ ಮಾನಕ ಬಂದಿದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕಾಂಕ್ರೀಟು ಇನ್ನೂ ಎಳೆಯದಾಗಿರುವಾಗಲೇ ಒಳಗಿನ ನೀರು ಹೆಪ್ಪುಗಟ್ಟಿದರೆ ಹಿಡಿತವೇ ಸಡಿಲವಾಗುತ್ತದೆ. ಮುಂದೆ ಎಷ್ಟೇ ನೀರು ಹಾಕಿದರೂ ಕಳೆದುಕೊಂಡ ಬಲ ಪೂರ್ತಿ ಮರಳುವುದಿಲ್ಲ. ಆದ್ದರಿಂದ ಬಲ್ಲ ಮೇಸ್ತ್ರಿ ಚಳಿ ಹಿಡಿಯುವ ಮೊದಲೇ ಕಾಂಕ್ರೀಟು ಕೆಲಸ ಮುಗಿಸುತ್ತಾನೆ. ಹಗಲಿನಲ್ಲಿ ಬೇಗ ಹಾಕುತ್ತಾನೆ. ರಾತ್ರಿ ಹುಲ್ಲು, ಗೋಣಿ, ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾನೆ.

ಇಷ್ಟೆಲ್ಲ ಮಾಡಿ ಕಟ್ಟಿದ ಮೇಲೂ ಮನೆ ಬೆಚ್ಚಗಿರುವುದೇ? ಕಾಂಕ್ರೀಟಿನ ಮೂಲಕ ಬಿಸಿ ಹರಿಯುವ ವೇಗ ಹಸಿ ಇಟ್ಟಿಗೆಗಿಂತ ಎರಡು-ಮೂರು ಪಟ್ಟು ಹೆಚ್ಚು. ಮೇಲಾಗಿ ಸಿಮೆಂಟಿನ ಗೋಡೆಯನ್ನು ತೆಳುವಾಗಿ ಕಟ್ಟುತ್ತಾರೆ. ಹೀಗಾಗಿ ಮನೆ ಚಳಿಗಾಲದಲ್ಲಿ ತಣ್ಣನೆಯ ಪೆಟ್ಟಿಗೆಯಾಗುತ್ತದೆ. ಗಟ್ಟಿ ಮನೆಯ ಬೆಲೆಯನ್ನು ಆಮೇಲೆ ಪ್ರತಿ ವರ್ಷ ಸೀಮೆಎಣ್ಣೆ, ಅನಿಲ, ಸೌದೆಯ ರೂಪದಲ್ಲಿ ತೆರಬೇಕು.

ಇನ್ನು ಕೆಲವರು ನಡುದಾರಿ ಹಿಡಿದು ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಗಾರೆ ಬಳಿಯುತ್ತಾರೆ. ಇದರ ಫಲವೇನೆಂಬುದಕ್ಕೆ ಇನ್ನೊಂದು ಎತ್ತರದ ಮರುಭೂಮಿಯಲ್ಲಿ ಸಾಕ್ಷಿಯಿದೆ. ಅಮೆರಿಕದ ನ್ಯೂ ಮೆಕ್ಸಿಕೋದ ರಾಂಚೋಸ್ ದೆ ತಾವೋಸ್ ಎಂಬ ಊರಿನಲ್ಲಿ ಹಸಿ ಇಟ್ಟಿಗೆಯ ಹಳೆಯ ಇಗರ್ಜಿಯೊಂದಿದೆ. ವರ್ಷವರ್ಷವೂ ಮಣ್ಣು ಮೆತ್ತುವ ಶ್ರಮ ತಪ್ಪಿಸಲು 1967ರಲ್ಲಿ ಅದಕ್ಕೆ ಸಿಮೆಂಟ್ ಗಾರೆ ಹೊದಿಸಿದರು. ಬಿರುಕಿನಿಂದ ಒಳನುಗ್ಗಿದ ನೀರು ಹೊರಗೆ ಆರಿಹೋಗಲು ದಾರಿಯಿಲ್ಲದೆ ಒಳಗಿನ ಇಟ್ಟಿಗೆಯನ್ನು ಕೆಸರಾಗಿಸಿತು. ಹೊರಮೈ ಚೆನ್ನಾಗಿಯೇ ಕಾಣುತ್ತಿದ್ದುದರಿಂದ ಒಳಗಿನ ಕೇಡು ಬೇಗ ತಿಳಿಯಲೂ ಇಲ್ಲ. 1979ರಲ್ಲಿ ಆ ಗಾರೆಯನ್ನು ಕಿತ್ತು ಮತ್ತೆ ಮಣ್ಣನ್ನೇ ಮೆತ್ತಬೇಕಾಯಿತು. ಆ ಊರಿನವರು ಈಗಲೂ ಬೇಸಿಗೆಯಲ್ಲಿ ಒಟ್ಟಾಗಿ ಸೇರಿ ಆ ಕೆಲಸ ಮಾಡುತ್ತಾರೆ.

2010ರ ಆ ರಾತ್ರಿ

ಲಡಾಖಿನ ಜನರ ಮನಸ್ಸನ್ನು ಸಿಮೆಂಟಿನತ್ತ ಇನ್ನಷ್ಟು ತಿರುಗಿಸಿದ್ದು ಒಂದು ದುರಂತ. 2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತಮುತ್ತ ಮೇಘಸ್ಫೋಟವಾಯಿತು. ಕೆಸರು, ಬಂಡೆಗಳು ಕಣಿವೆಗಳಿಂದ ನುಗ್ಗಿ ಬಂದವು. ಚೋಗ್ಲಮ್ಸರ್ ಮೊದಲಾದ ಕಡೆ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನೂರಾರು ಮಣ್ಣಿನ ಮನೆಗಳು ಕರಗಿಹೋದವು. ಮಣ್ಣನ್ನು ನಂಬಿ ಕೆಟ್ಟೆವೆಂದು ಜನ ಭಾವಿಸಿದ್ದರೆ ಅದು ಸಹಜ.

ಆದರೆ ಆ ರಾತ್ರಿ ಕಾಂಕ್ರೀಟಿನ ಕಟ್ಟಡಗಳೂ ಹಾನಿಗೊಂಡವು. ಬಂಡೆ ಹೊತ್ತು ಬರುವ ಕೆಸರಿನ ಹೊಳೆಗೆ ಗೋಡೆ ಯಾವುದರದೆಂಬ ಲೆಕ್ಕವಿಲ್ಲ. ಹಳೆಯ ಹಳ್ಳಿಗಳು ಹೆಚ್ಚಾಗಿ ಬಂಡೆಯ ಇಳಿಜಾರಿನಲ್ಲಿ, ತೊರೆಯ ಪಾತ್ರದಿಂದ ಮೇಲಕ್ಕೆ ಕಟ್ಟಿದವು; ಸಾಗುವಳಿಗೆ ಬರುವ ನೆಲವನ್ನು ಹೊಲಕ್ಕೆ ಉಳಿಸುವುದೂ ಅದರ ಉದ್ದೇಶವಾಗಿತ್ತು. ಪಟ್ಟಣ ಬೆಳೆದಂತೆ ಹೊಸ ಮನೆಗಳು ತೊರೆಗಳ ಬಾಯಿಗೆ, ತಗ್ಗಿನ ಬಯಲಿಗೆ ಇಳಿದವು. ಅಂದು ಸೋತದ್ದರಲ್ಲಿ ಮಣ್ಣಿನ ಪಾಲಿಗಿಂತ ಜಾಗದ ಆಯ್ಕೆಯ ಪಾಲು ದೊಡ್ಡದು.

ಪಕ್ಕಾ ಯಾವುದು?

ಹಾಗೆಂದು ಸಿಮೆಂಟನ್ನು ದೂರವಿಡಬೇಕೆಂದಲ್ಲ. ತೇವ ಮೇಲೇರದಂತೆ ತಡೆಯುವ ತಳಪಾಯ, ಬಚ್ಚಲು, ಭೂಕಂಪದಲ್ಲಿ ನಾಲ್ಕು ಗೋಡೆಗಳನ್ನು ಒಟ್ಟಿಗೆ ಹಿಡಿಯುವ ಕಬ್ಬಿಣ-ಕಾಂಕ್ರೀಟಿನ ಪಟ್ಟಿ, ಇವೆಲ್ಲ ಕಡೆ ಅದು ಉಪಕಾರಿ. ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆ ನೀರನ್ನೂ ತಾಳುತ್ತದೆ. ಇಂಥ ಇಟ್ಟಿಗೆಯನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಪ್ರಮುಖವಾದುದು.

ಹಳೆಯ ಬುದ್ಧಿಗೆ ಹೊಸ ವಿಜ್ಞಾನ ಕೂಡಿದರೆ ಏನಾಗಬಹುದೆಂಬುದಕ್ಕೂ ಲಡಾಖಿನಲ್ಲೇ ನಿದರ್ಶನವಿದೆ. ದಕ್ಷಿಣದ ಗೋಡೆಗೆ ಕಪ್ಪು ಬಳಿದು, ಮುಂದೆ ಗಾಜು ನಿಲ್ಲಿಸಿ ಬಿಸಿಲು ಹಿಡಿಯುವ 'ಟ್ರಾಂಬ್ ಗೋಡೆ' ಫ್ರಾನ್ಸಿನಲ್ಲಿ 1960ರ ದಶಕದಲ್ಲಿ ಹೆಸರಾಯಿತು. ಮುಂದೆ ಲಡಾಖಿನ ಮನೆ, ಶಾಲೆಗಳಿಗೂ ಬಂತು. ಸೋನಂ ವಾಂಗ್‌ಚುಕ್ ಮತ್ತು ಗೆಳೆಯರು 1988ರಲ್ಲಿ ಆರಂಭಿಸಿದ ಸೆಕ್ಮೋಲ್ ಸಂಸ್ಥೆಯ ಶಾಲಾ ಕಟ್ಟಡ ಮಣ್ಣಿನದು, ಬಿಸಿಲಿನಿಂದಲೇ ಬೆಚ್ಚಗಾಗುವಂಥದು. ಅದಕ್ಕೆ 2016ರಲ್ಲಿ ಮಣ್ಣಿನ ಕಟ್ಟಡಗಳಿಗಾಗಿ ಕೊಡುವ ಅಂತರರಾಷ್ಟ್ರೀಯ ಟೆರಾ ಪ್ರಶಸ್ತಿ ಬಂತು.

ನಮ್ಮ ಜನಗಣತಿಯ ಲೆಕ್ಕದಲ್ಲಿ ಮಣ್ಣು ಮತ್ತು ಹಸಿ ಇಟ್ಟಿಗೆಯ ಗೋಡೆ ಇಂದಿಗೂ 'ಕಚ್ಚಾ', ಸಿಮೆಂಟಿನದು 'ಪಕ್ಕಾ'. ಆ ಲೆಕ್ಕ ಹಿಡಿದರೆ ಲೇಹ್ ಅರಮನೆಯ ಹಸಿ ಇಟ್ಟಿಗೆಯ ಗೋಡೆಗಳೂ ಕಚ್ಚಾ ಎಂದೇ ಬರೆಯಬೇಕಾಗುತ್ತದೆ. ಮಣ್ಣಿಗೆ ವರ್ಷಕ್ಕೊಮ್ಮೆ ಕೈಯಾಡಿಸಬೇಕೆಂಬುದು ನಿಜ. ಆ ಕೈಗಳಿಗೆ ಹದ ತಿಳಿದಿರಬೇಕು, ಯಾವ ಗುಡ್ಡದ ಮರ್ಕಲಕ್ ನೀರು ತಡೆಯುತ್ತದೆಂದು ಗೊತ್ತಿರಬೇಕು. ಬಳ್ಳಾರಿಯ ಕರಲು ಮಣ್ಣಿನ ಮಾಳಿಗೆಗಳ ಮೇಲೆ ಆರ್‌ಸಿಸಿ ತಾರಸಿ ಬಂದಾಗ ನಾವು ಕಳೆದುಕೊಂಡದ್ದು ಮಣ್ಣನ್ನಲ್ಲ, ಆ ತಿಳಿವಳಿಕೆಯನ್ನು. ಲಡಾಖಿನಲ್ಲಿ ಅದನ್ನು ಬಲ್ಲವರು ಇನ್ನೂ ಇದ್ದಾರೆ. ಅವರಿಂದ ಕಲಿಯುವ ಕೈಗಳು ಸಿಕ್ಕಿದರೆ ಅಲ್ಲಿನ ಮನೆಗಳು ಮುಂದೆಯೂ ಬೆಚ್ಚಗಿರುತ್ತವೆ.