ಕುರಿಯ ತಲೆಯಲ್ಲಿ ಸಿಕ್ಕ ದಾರಿ

ಮಕ್ಕಳಿಗೆ ಕಿವಿಯ ಬುಡದಲ್ಲಿ ಕೆನ್ನೆ ಊದಿಕೊಂಡರೆ ನಾವು ಮಂಗನಬಾವು ಎನ್ನುತ್ತೇವೆ. ಮರಾಠಿ ನೆರೆಯವರಿಗೆ ಅದು ಗಾಲಗುಂಡ. ತಮಿಳರಲ್ಲಿ ‘ಪೊನ್ನುಕ್ಕು ವೀಂಗಿ’. ಬಾವು ಬಂದ ಮಗುವಿನ ಕೊರಳಿಗೆ ಚಿನ್ನದ ಸರ ಹಾಕುವ ರೂಢಿಯೂ ಅವರಲ್ಲುಂಟು. (ನಮ್ಮಂಥ ಸಂಬಳದಾರರಿಗೆ ದುಬಾರಿ ಚಿಕಿತ್ಸೆಯೇ ಸರಿ.) ಹೆಸರು ಯಾವುದಾದರೂ ಎಲ್ಲರೂ ನೋಡಿದ್ದು ಕೆನ್ನೆಯ ಹೊರಮೈಯನ್ನು. ಒಳಗಿನ ದಾರಿ ಕಂಡದ್ದು 1660ರಲ್ಲಿ, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿ.

ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ ಎಂಬ 22 ವರ್ಷದ ವಿದ್ಯಾರ್ಥಿ ಅಲ್ಲಿ ಬ್ಲಾಸಿಯಸ್ ಎಂಬ ವೈದ್ಯನ ಬಳಿ ಕಲಿಯುತ್ತಿದ್ದ. ಒಂದು ದಿನ ಕುರಿಯ ತಲೆಯೊಂದನ್ನು ಕೊಂಡು ತಂದು, ಒಬ್ಬನೇ ಕುಳಿತು ಕೊಯ್ದು ನೋಡತೊಡಗಿದ. ಕೆನ್ನೆಯ ಗ್ರಂಥಿಯಿಂದ ಹೊರಟ ನಾಳದೊಳಗೆ ಲೋಹದ ಕಡ್ಡಿ ತೂರಿಸಿದಾಗ ಅದರ ತುದಿ ಹಲ್ಲಿಗೆ ತಾಗಿ ಸದ್ದಾಯಿತು! ಗ್ರಂಥಿಯ ರಸ ಬಾಯಿಗೇ ಬಂದು ಬೀಳುತ್ತದೆಂದು ಗೊತ್ತಾದದ್ದು ಹಾಗೆ. ಗುರುಗಳು ಮೊದಲು, ನೀನೇ ಕಡ್ಡಿ ಒತ್ತಿ ತೂತು ಮಾಡಿರಬೇಕು ಎಂದರು. ಲೈಡನ್ನಿನ ಪ್ರಾಧ್ಯಾಪಕ ವಾನ್ ಹೋರ್ನ್ ನಾಳವನ್ನು ಎಲ್ಲರ ಮುಂದೆ ತೋರಿಸಿ ಶಿಷ್ಯನ ಹೆಸರಿಟ್ಟಾಗ, ಅದು ನಾನು ಕಂಡದ್ದು ಎಂದು ಜಗಳಕ್ಕಿಳಿದರು. ಟಿಪ್ಪಣಿ ಬರೆದವನೊಬ್ಬ, ಹೆಸರು ಪಡೆಯುವವನೊಬ್ಬ ಎಂಬುದನ್ನು ಕಚೇರಿಯಲ್ಲಿ ದಿನವೂ ಕಾಣುವ ನನಗೆ ಇದು ಹೊಸದೆನಿಸಲಿಲ್ಲ. ಆದರೆ ಇಲ್ಲಿ ಗೆದ್ದವನು ಶಿಷ್ಯ. ಆ ನಾಳಕ್ಕೆ ಇಂದಿಗೂ ಅವನದೇ ಹೆಸರು.

ಇಂದು ವೈದ್ಯರು ಬಾಯಿ ತೆರೆಸಿ, ಮೇಲಿನ ಎರಡನೆಯ ದವಡೆಹಲ್ಲಿನ ಎದುರಿಗೆ ಕೆನ್ನೆಯ ಒಳಭಾಗದಲ್ಲಿ ಹುಡುಕುವುದು ಈ ನಾಳದ ಬಾಯನ್ನೇ. ಹೊರಗಿನಿಂದ ಗ್ರಂಥಿಯನ್ನು ಒತ್ತಿದಾಗ ಅಲ್ಲಿ ಕೀವು ಬಂದರೆ ಬ್ಯಾಕ್ಟೀರಿಯಾ ಸೋಂಕು, ಅದಕ್ಕೆ ಆಂಟಿಬಯಾಟಿಕ್. ಊಟಕ್ಕೆ ಕುಳಿತಾಗಲೆಲ್ಲ ಊದಿ ಆಮೇಲೆ ಇಳಿಯುವ ಬಾವಿಗೆ ಹೆಚ್ಚಾಗಿ ನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಕಾರಣ. ಇದು ದವಡೆಯ ಕೆಳಗಿನ ಗ್ರಂಥಿಯಲ್ಲೇ ಜಾಸ್ತಿ.

ಮಂಗನಬಾವಿಗೆ ವೈರಸ್ ಕಾರಣವೆಂದು ಸಿದ್ಧವಾದದ್ದೂ ಇದೇ ದಾರಿಯಲ್ಲಿ. 1934ರಲ್ಲಿ ಅಮೆರಿಕದ ಜಾನ್ಸನ್ ಮತ್ತು ಗುಡ್‌ಪಾಸ್ಚರ್ ರೋಗಿಗಳ ಜೊಲ್ಲನ್ನು ಮಂಗಗಳ ಸ್ಟೆನ್ಸನ್ ನಾಳಕ್ಕೆ ಹಾಕಿದರು; ಮಂಗಗಳಿಗೂ ಕೆನ್ನೆ ಊದಿತು. ನಮ್ಮ ಹಿರಿಯರು ಇಟ್ಟ ಹೆಸರು ನಿಜವಾಯಿತು ನೋಡಿ! 1967ರಲ್ಲಿ ಅಲ್ಲಿ ಲಸಿಕೆ ಬಂತು. ಬಂದ ರೋಗಕ್ಕೆ ಮಾತ್ರ ಔಷಧಿಯಿಲ್ಲ, ವಿಶ್ರಾಂತಿ ಮತ್ತು ನೋವಿನ ಮಾತ್ರೆ ಅಷ್ಟೆ. ಕೆಲವರಿಗೆ ವೃಷಣದ ಬಾವು, ಅಪರೂಪಕ್ಕೆ ಕಿವುಡು ಬರುವುದುಂಟು. 2017ರಿಂದ ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದ ಚುಚ್ಚುಮದ್ದು ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ. ಮಂಗನಬಾವೂ ಸೇರಿದ ಎಂ.ಎಂ.ಆರ್. ಬೇಕೆನ್ನುವ ತಾಯ್ತಂದೆಯರು ಮಕ್ಕಳ ವೈದ್ಯರನ್ನು ಕೇಳಿ ಪಡೆಯಬೇಕು.

ಇನ್ನು, ದೊಡ್ಡವರಿಗೆ ಕಿವಿಯ ಮುಂದೆ ನೋವಿಲ್ಲದ ಗಂಟೊಂದು ನಿಧಾನವಾಗಿ ಬೆಳೆಯುತ್ತಿದ್ದರೆ ಅದು ಮಂಗನಬಾವಲ್ಲ. ಪಟ್ಟು ಹಾಕುತ್ತ ತಿಂಗಳು ಕಳೆಯಬಾರದು. ಅಲ್ಟ್ರಾಸೌಂಡ್ ಮಾಡಿ, ಸೂಜಿಯಿಂದ ಜೀವಕೋಶ ತೆಗೆದು ನೋಡುತ್ತಾರೆ. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೂ ಸಾಮಾನ್ಯವಾಗಿ ತೆಗೆಸಲು ಹೇಳುತ್ತಾರೆ, ಮತ್ತು ಆ ಶಸ್ತ್ರಚಿಕಿತ್ಸೆ ನಾಜೂಕಿನದು. ಕಣ್ಣು ಮುಚ್ಚಿಸುವ, ತುಟಿ ಅಲುಗಿಸುವ ನರ ಆ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ.