ಜೇನ್ ಅತ್ತೆಯ ನೆನಪು

ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್‌ನಲ್ಲಿ ನೆಲಕ್ಕೆ ಹಾಸಿದ ಒಂದು ಕಪ್ಪು ಕಲ್ಲಿದೆ. 1817ರ ಜುಲೈ 18ರಂದು, 41ನೇ ವಯಸ್ಸಿನಲ್ಲಿ ತೀರಿಕೊಂಡ ಜೇನ್ ಆಸ್ಟೆನ್‌ಳ ಸಮಾಧಿ ಅದು. ಆಕೆ ಪಾದ್ರಿಯೊಬ್ಬರ ಮಗಳು, ದಯಾಳು, ಸೌಮ್ಯ ಸ್ವಭಾವದವಳು, ಅಸಾಧಾರಣ ಬುದ್ಧಿಯುಳ್ಳವಳು ಎಂದೆಲ್ಲ ಅದರ ಮೇಲೆ ಕೆತ್ತಿದ್ದಾರೆ. ಕಾದಂಬರಿಗಳ ಸುದ್ದಿಯೇ ಇಲ್ಲ. ಆ ಹೊತ್ತಿಗೆ ಅವಳ ನಾಲ್ಕು ಕಾದಂಬರಿಗಳು ಅಚ್ಚಾಗಿದ್ದವು. ಆದರೆ ಯಾವುದರ ಮೇಲೂ ಅವಳ ಹೆಸರಿರಲಿಲ್ಲ.

ಇದನ್ನು ಲೇಖಕಿಗಾದ ಅನ್ಯಾಯವೆಂದು ಓದುವುದು ಸುಲಭ. ಕಲ್ಲು ಹಾಕಿಸಿದವರು ಮಾತ್ರ ಕಳೆದುಕೊಂಡದ್ದು ಒಬ್ಬ ತಂಗಿಯನ್ನು, ಒಬ್ಬ ಅತ್ತೆಯನ್ನು.

ಎಂಟು ಮಕ್ಕಳ ಆ ಮನೆಯಲ್ಲಿ ಹೆಣ್ಣುಮಕ್ಕಳು ಇಬ್ಬರೇ: ಅಕ್ಕ ಕ್ಯಾಸಾಂಡ್ರಾ, ತಂಗಿ ಜೇನ್. ಕ್ಯಾಸಾಂಡ್ರಾ ಮದುವೆಯಾಗಬೇಕಿದ್ದವನು 1797ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಜ್ವರದಿಂದ ಸತ್ತ. ಜೇನ್ ಕೂಡ ಮದುವೆಯಾಗಲಿಲ್ಲ. ತಂದೆ ತೀರಿಹೋದ ಮೇಲೆ ತಾಯಿ ಮತ್ತು ಮಕ್ಕಳಿಬ್ಬರ ಖರ್ಚಿಗೆ ಅಣ್ಣತಮ್ಮಂದಿರು ನೆರವಾದರು. 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಎಂಬ ಹಳ್ಳಿಯಲ್ಲಿ ಇರಲು ಮನೆ ಕೊಟ್ಟ. ಹೀಗಾಗಿ ಜೇನ್‌ಗಿದ್ದ ಮಕ್ಕಳೆಲ್ಲ ಅಣ್ಣತಮ್ಮಂದಿರ ಮಕ್ಕಳು. ಇಂಗ್ಲಿಷ್‌ನಲ್ಲಿ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಲ್ಲರಿಗೂ ಒಂದೇ ಪದ. ನಮ್ಮ ಲೆಕ್ಕದಲ್ಲಿ ಅವಳು ಅಪ್ಪಟ ಸೋದರತ್ತೆ.

ಈ ಅತ್ತೆತನ ಬಿಡುವಿನ ಕೆಲಸವಾಗಿರಲಿಲ್ಲ. ಎಡ್ವರ್ಡ್‌ನ ಮಗಳು ಫ್ಯಾನಿ ತನ್ನನ್ನು ಮೆಚ್ಚಿದ ಹುಡುಗನ ವಿಷಯದಲ್ಲಿ ಗೊಂದಲಕ್ಕೆ ಬಿದ್ದಾಗ, ಪ್ರೀತಿಯಿಲ್ಲದ ಮದುವೆಗಿಂತ ಬೇರೇನನ್ನಾದರೂ ಸಹಿಸಬಹುದು ಎಂದು ಬರೆದಳು. ಹಿರಿಯಣ್ಣ ಜೇಮ್ಸ್‌ನ ಮಗಳು ಆ್ಯನಾ ಕಾದಂಬರಿ ಬರೆಯತೊಡಗಿದಾಗ ಅದನ್ನು ಸಾಲುಸಾಲಾಗಿ ಓದಿದಳು. ಪಾತ್ರಗಳು ಬೇಕಾದರೆ ಐರ್ಲೆಂಡಿಗೆ ಹೋಗಲಿ, ಅಲ್ಲಿನ ರೀತಿನೀತಿ ಗೊತ್ತಿಲ್ಲದ ನೀನು ಜೊತೆಗೆ ಹೋಗಬೇಡ ಎಂಬುದು ಅವಳ ಸಲಹೆ. ಆ್ಯನಾಗೆ ಮಗು ಹುಟ್ಟಿದಾಗ ಅವಳ ತಂಗಿ ಕ್ಯಾರೊಲಿನ್‌ಗೆ ಹತ್ತು ವರ್ಷ. ನೀನೂ ಈಗ ನನ್ನ ಹಾಗೆ ದೊಡ್ಡ ಸ್ಥಾನಕ್ಕೆ ಬಂದೆ ಎಂದು ಜೇನ್ ಅವಳಿಗೆ ಗಂಭೀರವಾಗಿ ಅಭಿನಂದನೆ ಬರೆದಳು. ತಮ್ಮ ಚಾರ್ಲ್ಸ್‌ನ ಪುಟ್ಟ ಮಗಳಿಗೆ 1817ರ ಜನವರಿಯಲ್ಲಿ ಪ್ರತಿ ಪದದ ಅಕ್ಷರಗಳನ್ನೂ ಹಿಂದುಮುಂದಾಗಿಸಿ ಒಂದು ಪತ್ರ ಕಳಿಸಿದಳು. ಸಾವಿಗೆ ಆಗ ಆರೇ ತಿಂಗಳು ಉಳಿದಿತ್ತು.

ಮೇ ತಿಂಗಳಲ್ಲಿ ಚಿಕಿತ್ಸೆಗೆಂದು ಅಕ್ಕತಂಗಿ ವಿಂಚೆಸ್ಟರ್‌ಗೆ ಹೋದರು. ಕೊನೆಯ ಗಂಟೆಗಳಲ್ಲಿ ಜೇನ್‌ಳ ತಲೆ ಕ್ಯಾಸಾಂಡ್ರಾಳ ಮಡಿಲಲ್ಲಿತ್ತು. ಕಣ್ಣು ಮುಚ್ಚಿದವಳೂ ಅವಳೇ. ಎರಡು ದಿನದ ನಂತರ ಫ್ಯಾನಿಗೆ ಬರೆದ ಪತ್ರದಲ್ಲಿ ಕ್ಯಾಸಾಂಡ್ರಾ ತಂಗಿಯನ್ನು ತನ್ನ ಬದುಕಿನ ಸೂರ್ಯನೆಂದು ಕರೆದಳು. ಅವಳಿಂದ ತಾನು ಒಂದು ಯೋಚನೆಯನ್ನೂ ಮುಚ್ಚಿಟ್ಟಿರಲಿಲ್ಲ ಎಂದಳು. ಶವಸಂಸ್ಕಾರಕ್ಕೆ ಮನೆಯ ಹೆಂಗಸರು ಹೋಗಲಿಲ್ಲ. ಮೂವರು ಸಹೋದರರು ಮತ್ತು ಜೇಮ್ಸ್‌ನ 18 ವರ್ಷದ ಮಗ ಜೇಮ್ಸ್ ಎಡ್ವರ್ಡ್ ಹೋದರು. ಆ ಸಣ್ಣ ಮೆರವಣಿಗೆ ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಕ್ಯಾಸಾಂಡ್ರಾ ನೋಡುತ್ತಿದ್ದಳು.

ಮುಂದಿನ 28 ವರ್ಷ ತಂಗಿಯ ಕಾಗದಪತ್ರ ಕಾದವಳು ಅವಳೇ. ತಾನು ಸಾಯುವ ಕೆಲವು ವರ್ಷ ಮೊದಲು ಪತ್ರಗಳನ್ನೆಲ್ಲ ತೆರೆದು ಓದಿ, ಹೆಚ್ಚಿನವನ್ನು ಸುಟ್ಟಳು. ಉಳಿಸಿದ ಕೆಲವದರಿಂದಲೂ ತುಂಡುಗಳನ್ನು ಕತ್ತರಿಸಿ ತೆಗೆದು, ಅಣ್ಣತಮ್ಮಂದಿರ ಹೆಣ್ಣುಮಕ್ಕಳಿಗೆ ನೆನಪಿಗೆಂದು ಹಂಚಿದಳು. ಇಂದು ಜೇನ್ ಬರೆದ ಸುಮಾರು 160 ಪತ್ರಗಳಷ್ಟೇ ಸಿಗುತ್ತವೆ. ಸಂಶೋಧಕರು ಆ ಬೆಂಕಿಯನ್ನು ಇನ್ನೂ ಕ್ಷಮಿಸಿಲ್ಲ. ಆದರೆ ಆ ಪತ್ರಗಳಲ್ಲಿ ಹೆಚ್ಚಿನವು ಅಕ್ಕನೊಬ್ಬಳ ಕಣ್ಣಿಗಾಗಿಯೇ ಬರೆದವು. ಉಳಿದವೇ ಇಷ್ಟು ಹರಿತವಾಗಿರುವಾಗ, ಸುಟ್ಟವುಗಳಲ್ಲಿ ಬದುಕಿದ್ದ ಅತ್ತಿಗೆಯರ, ನೆಂಟರ ಬಗ್ಗೆ ಏನೇನಿತ್ತೆಂದು ಊಹಿಸುವುದು ಕಷ್ಟವಲ್ಲ.

ಆಮೇಲೆ ನೆನಪಿನ ಹೊಣೆ ಮಕ್ಕಳ ಪಾಲಿಗೆ ಬಂತು. ಎಲ್ಲರ ನೆನಪೂ ಒಂದೇ ತರಹ ಇರಲಿಲ್ಲ. ಸಿರಿವಂತರ ಮನೆ ಸೇರಿದ್ದ ಫ್ಯಾನಿ, ಮುಪ್ಪಿನಲ್ಲಿ ತನ್ನ ತಂಗಿಗೆ ಬರೆಯುತ್ತ, ಜೇನ್ ಅತ್ತೆಗೆ ಇರಬೇಕಾದಷ್ಟು ನಯನಾಜೂಕು ಇರಲಿಲ್ಲ ಎಂದಳು. ಅತ್ತೆಯ ಪತ್ರಗಳನ್ನು ಮಾತ್ರ ಎಸೆದಿರಲಿಲ್ಲ. ಅವನ್ನು 1884ರಲ್ಲಿ ಅವಳ ಮಗ ಪ್ರಕಟಿಸಿದ. ಕ್ಯಾರೊಲಿನ್‌ಗೆ ನೆನಪಿದ್ದದ್ದು ಅತ್ತೆ ಹೇಳುತ್ತಿದ್ದ, ಎರಡು ಮೂರು ದಿನ ಮುಂದುವರಿಯುತ್ತಿದ್ದ ಕಥೆಗಳು. ಆ್ಯನಾ ತನ್ನ ಕಾದಂಬರಿಯನ್ನು ಮುಗಿಸದೆ ಒಂದು ದಿನ ಒಲೆಗೆ ಹಾಕಿದಳು, ಆದರೆ ತಮ್ಮನಿಗೆ ಅತ್ತೆಯ ನೆನಪುಗಳನ್ನು ಬರೆದುಕೊಟ್ಟಳು.

ಆ ತಮ್ಮನೇ ಜೇಮ್ಸ್ ಎಡ್ವರ್ಡ್. ಅಕ್ಕ ಮತ್ತು ತಂಗಿಯ ನೆನಪುಗಳನ್ನು ತನ್ನವುಗಳೊಂದಿಗೆ ಸೇರಿಸಿ, 1869ರ ಕೊನೆಯಲ್ಲಿ, ತನ್ನ 71ನೇ ವಯಸ್ಸಿನಲ್ಲಿ, ಅತ್ತೆಯ ಮೊದಲ ಜೀವನಚರಿತ್ರೆಯನ್ನು ಹೊರತಂದ. ಅದರಲ್ಲಿ ಮೂಡಿದ್ದು ಒರಟು ಅಂಚುಗಳನ್ನೆಲ್ಲ ತೀಡಿದ, ಮನೆಯವರು ಮೆಚ್ಚುವ ಅತ್ತೆ. ಆದರೂ ದೊಡ್ಡ ಓದುಗವರ್ಗ ಜೇನ್ ಆಸ್ಟೆನ್ ಯಾರೆಂದು ಕೇಳತೊಡಗಿದ್ದು ಆ ಪುಸ್ತಕದಿಂದ. ಅದರಿಂದ ಬಂದ ಹಣದಲ್ಲಿ ಅವನು 1872ರಲ್ಲಿ ಸಮಾಧಿಯ ಬಳಿಯ ಗೋಡೆಗೆ ಹಿತ್ತಾಳೆಯ ಫಲಕವೊಂದನ್ನು ಹಾಕಿಸಿದ. ಅವಳು ಬರೆದಳೆಂಬ ಮಾತು ಕೆಥೆಡ್ರಲ್ ಒಳಗೆ ಬಂದದ್ದು ಆಗ, ಸಾವಿನ 55 ವರ್ಷಗಳ ನಂತರ.